ಇಪ್ಪತ್ತೆರಡು ಕೊಕ್ಕೆಗಳು

ಶೆಟ್ಲ್ಯಾಂಡಿನಲ್ಲಿ ಮರಗಳು ಕಡಿಮೆ.
ಅಡಗಿಕೊಳ್ಳಲು ಹೆಚ್ಚೇನೂ ಇಲ್ಲ.
ಹಡಗುಕಟ್ಟೆಯಲ್ಲಿ ಯಾರಾದರೂ ಸೀನಿದರೆ
ಗುಡ್ಡದಾಚೆ ಒಬ್ಬಳು ಸೂಪಿಗೆ ನೀರಿಡುತ್ತಾಳೆ.

ಅಂಥ ಊರಿನ ಶಿಶುವಿಹಾರದಲ್ಲಿ, ಒಂದು ಮಂಗಳವಾರ,
ಕಿತ್ತಳೆ ಸುಲಿಯುತ್ತ ಕೂತಿದ್ದ ಮಗು
ಓಸ್ಲಾಗೆ ಒಂದು ಮಾತು ಹೇಳಿತು.

ಆ ಮಾತು ಇಲ್ಲಿಲ್ಲ. ಹುಡುಕಬೇಡಿ.
ಗಂಡೋ ಹೆಣ್ಣೋ ಎಂದೂ ಕೇಳಬೇಡಿ.
ನನ್ನ ಭಾಷೆ ಮಗುವನ್ನು ‘ಅದು’ ಎನ್ನುತ್ತದೆ;
ವ್ಯಾಕರಣಕ್ಕೂ ಒಮ್ಮೊಮ್ಮೆ ಕರುಳಿರುತ್ತದೆ.

ಓಸ್ಲಾ ಹೌಹಾರಲಿಲ್ಲ. ಸಿಪ್ಪೆಗೆ ಅಂಗೈ ಒಡ್ಡಿದಳು.
“ಹೇಳಿದ್ದು ಒಳ್ಳೆಯದಾಯಿತು” ಎಂದಳು, ಅಷ್ಟೇ.
ಆಮೇಲೆ ಒಳಕೋಣೆಯಲ್ಲಿ, ಅದು ಆಡಿದ ಹಾಗೇ,
ತೊದಲನ್ನೂ ತಿದ್ದದೆ ಬರೆದಳು,
ಪಕ್ಕದಲ್ಲಿ ಹತ್ತು ಗಂಟೆ ನಲವತ್ತು ನಿಮಿಷ.
ಫೋನೆತ್ತಿ ಹೇಳಬೇಕಾದವರಿಗೆ ಹೇಳಿ
ಕಾಗದವನ್ನು ಕಬ್ಬಿಣದ ಡ್ರಾಯರಿಗೆ ಹಾಕಿ
ಬೀಗ ತಿರುಗಿಸಿದಳು.
ಕೈ ನಡುಗಿದ್ದು ಆಗ.

ಸಂಜೆ ಅವನನ್ನು ಕರೆದೊಯ್ದರು
ಸಮವಸ್ತ್ರವಿಲ್ಲದ ಇಬ್ಬರು, ಚರ್ಚಿನ ಹಿಂದೆ ಕಾರು ನಿಲ್ಲಿಸಿ.
ಆದರೂ, ಊರ ಬಾಯಿಗೆ ಮುಚ್ಚಳವೆಲ್ಲಿ?

ಮೀನಂಗಡಿಯ ಲೌರಿ, ಹ್ಯಾಡಕ್ ಸೀಳುತ್ತ:
“ಯಾರ ಮನೆಯದು, ಓಸ್ಲಾ? ಪ್ರಾರ್ಥನೆ ಮಾಡೋಣವೆಂದು ಕೇಳಿದೆ.”
ಫೆರ್ರಿಯ ಸಾಲಿನಲ್ಲಿ ಮುದುಕಿ ಬಾಬಿ:
“ಹೆಸರು ಬೇಡ ಕಣೇ, ಮೊದಲ ಅಕ್ಷರ ಸಾಕು.”
ಕೇಕು ಹಿಡಿದು ಬಂದವರೂ ಇದ್ದರು.
ಕನಿಕರಕ್ಕೂ ಒಂದು ವಿಳಾಸ ಬೇಕಲ್ಲ.

ಓಸ್ಲಾ ಮೀನು ಕಟ್ಟಿಸಿಕೊಂಡಳು, ಚಿಲ್ಲರೆ ಎಣಿಸಿದಳು,
“ಗಾಳಿ ಜೋರಾಗಿದೆ” ಎಂದಳು.
ಗಾಳಿ ಅಲ್ಲಿ ಯಾವತ್ತೂ ಜೋರು.

ಮಗು ವಾರವಿಡೀ ಬರಲಿಲ್ಲ.
ಅದು ಕೋಟು ತೂಗಿಸುತ್ತಿದ್ದ ಕೊಕ್ಕೆ ಬರಿದಾಗಿತ್ತು
ಹಲ್ಲು ಬಿದ್ದ ಜಾಗದ ಹಾಗೆ;
ಇಡೀ ಊರಿನ ನಾಲಗೆ ಅಲ್ಲಿಗೇ.

ಗುರುವಾರ ರಾತ್ರಿ ಅವಳೊಬ್ಬಳೇ ಬಂದು, ಸ್ಟೂಲು ಹತ್ತಿ,
ಇಪ್ಪತ್ತೆರಡು ಕೊಕ್ಕೆಗಳ ಮೇಲಿನ ಇಪ್ಪತ್ತೆರಡು ಚಿತ್ರ ಬಿಚ್ಚಿದಳು,
ಪಫಿನ್ ಹಕ್ಕಿ, ನೀರುನಾಯಿ, ಲಾಟೀನು, ಏಡಿ.
ಗೋಡೆಯ ಫೋಟೊಗಳನ್ನೂ, ಒಂದೂ ಬಿಡದೆ.
ಒಂದನ್ನೇ ತೆಗೆದರೆ ಆ ಖಾಲಿ ಚೌಕವೇ ಬೆರಳು ಮಾಡಿ ತೋರಿಸುತ್ತದೆ.
ಬೆಳಿಗ್ಗೆ ಎಲ್ಲರಿಗೂ ಹೊಸ ಗುರುತು, ಹೊಸ ಜಾಗ.
ತನ್ನ ಏಡಿ ಬೇಕೆಂದು ಒಬ್ಬ ಅತ್ತ.
ಬಾಗಿಲಲ್ಲಿ ನಿಂತು ಎಣಿಸಲು ನೋಡಿದ ದೊಡ್ಡವರು
ಲೆಕ್ಕ ತಪ್ಪಿದರು.

ಮನೆಯಲ್ಲಿ ಗಂಡ ಮ್ಯಾಗ್ನಿ ಏನೂ ಕೇಳಲಿಲ್ಲ,
ಕೆಟಲಿಗೆ ನೀರು ತುಂಬಿದ.
ಮೂವತ್ತು ವರ್ಷದಲ್ಲಿ ಅವನು ಕೊಟ್ಟ ಉಡುಗೊರೆಗಳಲ್ಲಿ
ಅದನ್ನೇ ಅವಳು ಮೊದಲು ನೆನೆಯುತ್ತಾಳೆ.

“ಇದು ನಮ್ಮಿಬ್ಬರ ಗುಟ್ಟು” ಎನ್ನುತ್ತಾರೆ ಅಂಥವರು.
ಅದಕ್ಕೇ ಓಸ್ಲಾ ಆ ಪದವನ್ನು ಮುಟ್ಟಲಿಲ್ಲ.
ಮುಚ್ಚಿಡುವುದು ಬೇರೆ, ಕಾಪಿಡುವುದು ಬೇರೆ;
ನೋಡಬೇಕಾದ್ದು ಬೀಗದ ಕೈ ಯಾರದೆಂದು.

ಮರಳಿ ಬಂದ ದಿನ, ಕೋಟು ತೂಗಿಸುತ್ತ, ಮಗು ಕೇಳಿತು:
“ಎಲ್ಲರಿಗೂ ಹೇಳಿದೆಯಾ?”
“ನಿನ್ನಮ್ಮನಿಗೆ. ನಿನ್ನನ್ನು ಕಾಯಬೇಕಾದ ಇಬ್ಬರಿಗೆ.”
“ಮೀನಿನವನಿಗೆ?”
“ಇಲ್ಲ.”
ಯೋಚಿಸಿತು. “ನಾನು ಬೆಕ್ಕಿಗೆ ಹೇಳಿದೆ.”
“ಹೇಳಬಹುದು. ಮಾತು ನಿನ್ನದು.
ನನ್ನಷ್ಟು ಮುದುಕಾದ ಮೇಲೂ ನಿನ್ನದೇ.”
ಅದು ತಲೆಯಾಡಿಸಿ, ಬೂಟು ಕಳಚಿ,
ಮರಳಿನ ತೊಟ್ಟಿಯತ್ತ ಓಡಿತು.

ಬೂಟಿನ ಬಣ್ಣ ಬರೆದಿದ್ದೆ; ಹೊಡೆದು ಹಾಕಿದೆ.
ಕಿತ್ತಳೆ ಕಿತ್ತಳೆಯಲ್ಲ, ಮಂಗಳವಾರ ಮಂಗಳವಾರವಲ್ಲ.
ಬೆಕ್ಕೊಂದು ನಿಜ.
ಅದಿನ್ನೂ ಬಾಯಿ ಬಿಟ್ಟಿಲ್ಲ.